ಶಾಲು ಹೊದಿಸುವ ಮೊದಲು ಮೈಕು ಕೊಡಿ

2025ರ ಡಿಸೆಂಬರ್ 13ಕ್ಕೆ ಡಿಕ್ ವ್ಯಾನ್ ಡೈಕ್ ಅವರಿಗೆ ನೂರು ತುಂಬಿತು. 1964ರ ‘ಮೇರಿ ಪಾಪಿನ್ಸ್’ ಚಿತ್ರದಲ್ಲಿ ಮುಖಕ್ಕೆಲ್ಲ ಮಸಿ ಬಳಿದುಕೊಂಡು, ಚಿಮಣಿ ಗುಡಿಸುವ ಬರ್ಟ್ ಆಗಿ ಲಂಡನ್ನಿನ ಮಾಳಿಗೆಗಳ ಮೇಲೆ ಕುಣಿದವರು ಇವರೇ. ನಾನಿರುವ ಲಾಸ್ ಏಂಜಲೀಸ್‌ನ ಸ್ಯಾನ್ ಫರ್ನಾಂಡೊ ಕಣಿವೆಯಿಂದ ಗುಡ್ಡ ದಾಟಿದರೆ ಮಾಲಿಬು, ಅವರ ಊರು. 98ರ ವಯಸ್ಸಿನಲ್ಲಿ ಒಂದು ಧಾರಾವಾಹಿಯ ಪಾತ್ರಕ್ಕೆ ಡೇಟೈಮ್ ಎಮ್ಮಿ ಪ್ರಶಸ್ತಿ ಬಂತು. ಅಷ್ಟು ವಯಸ್ಸಾದವರು ಅದುವರೆಗೆ ಯಾರೂ ಆ ಪ್ರಶಸ್ತಿ ಪಡೆದಿರಲಿಲ್ಲ. 99 ತುಂಬುವ ಹೊತ್ತಿಗೆ ಕೋಲ್ಡ್‌ಪ್ಲೇ ತಂಡದ ಹಾಡೊಂದರ ವಿಡಿಯೋದಲ್ಲಿ ತಮ್ಮ ಮನೆಯಲ್ಲೇ ಬರಿಗಾಲಲ್ಲಿ ಹೆಜ್ಜೆ ಹಾಕಿದರು. ತಮಗಿಂತ ಎಷ್ಟೋ ಚಿಕ್ಕವರನ್ನು ಕಟ್ಟಿಕೊಂಡು ಹಾಡುವ ತಂಡವೂ ಅವರಿಗಿದೆ.

ಆ ವಿಡಿಯೋವನ್ನು ಊರಿಗೆ ಕಳಿಸಿದಾಗ ಬಂದ ಮಾತು ಎರಡೇ ಬಗೆಯವು. ಹಿರಿಯರು ‘ಪುಣ್ಯವಂತರು’ ಅಂದರು. ನನ್ನ ವಾರಿಗೆಯವರು ‘ದುಡ್ಡಿದ್ದರೆ ಯಾರಾದರೂ ಕುಣೀತಾರೆ’ ಅಂದರು. ಎರಡನ್ನೂ ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ಈ ಊರಲ್ಲಿದ್ದು, ಹಳೆಯ ಹಾಲಿವುಡ್‌ನ ಹಿರಿಯರನ್ನು ದೂರದಿಂದಲೂ ಒಮ್ಮೊಮ್ಮೆ ಹತ್ತಿರದಿಂದಲೂ ನೋಡಿದ ಮೇಲೆ ನನಗೆ ಅನಿಸಿರುವುದು ಬೇರೆ. ಇವರ ಸಂಜೆಗಾಲ ಚೆನ್ನಾಗಿದ್ದರೆ ಅದರ ಹಿಂದೆ ನೂರು ವರ್ಷದ ಹಿಂದೆಯೇ ಕೆಲವರು ಕೂತು ಮಾಡಿದ ಏರ್ಪಾಟಿದೆ. ಆ ಏರ್ಪಾಟು ನಮ್ಮಲ್ಲಿ ಆಗಲಿಲ್ಲ. ಈಗಲಾದರೂ ಆಗಬೇಕು.

ಪುಣ್ಯ ಮತ್ತು ದುಡ್ಡಿನ ಲೆಕ್ಕ ಸರಿಯಾಗಿದ್ದರೆ ಮಿಕ್ಕಿ ರೂನಿ ಸುಖವಾಗಿರಬೇಕಿತ್ತು. 1930ರ ದಶಕದ ಕೊನೆಗೆ ಅಮೆರಿಕದ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ಎಳೆಯುತ್ತಿದ್ದ ಹುಡುಗ. ಅದೇ ಹುಡುಗ 2011ರ ಮಾರ್ಚ್‌ನಲ್ಲಿ, ತೊಂಬತ್ತು ದಾಟಿದ ಮುದುಕನಾಗಿ, ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು ತನ್ನ ದುಡ್ಡಿನ ಮೇಲೂ ತನ್ನ ಊಟದ ಮೇಲೂ ತನಗೇ ಹಿಡಿತವಿಲ್ಲದಂತಾಯಿತು ಎಂದು ಹೇಳಿಕೊಳ್ಳಬೇಕಾಯಿತು. 2014ರಲ್ಲಿ ತೀರಿಕೊಂಡಾಗ ಅವರ ಹೆಸರಲ್ಲಿ ಉಳಿದಿದ್ದದ್ದು 18,000 ಡಾಲರ್.

ನಟ ಜೀನ್ ಹ್ಯಾಕ್‌ಮನ್ ಕಥೆ ಇನ್ನೂ ಮನಸ್ಸು ಕಲಕುವಂಥದ್ದು. ದುಡ್ಡಿಗೆ ಕೊರತೆ ಇರಲಿಲ್ಲ, ಸಾಂತಾ ಫೆಯಲ್ಲಿ ದೊಡ್ಡ ಮನೆ, ನೋಡಿಕೊಳ್ಳುವ ಹೆಂಡತಿ. 2025ರ ಫೆಬ್ರವರಿಯಲ್ಲಿ ಆಕೆ ಹಂಟಾವೈರಸ್ ಸೋಂಕಿನಿಂದ ಹಠಾತ್ತನೆ ತೀರಿಕೊಂಡರು. ಮರೆವಿನ ಕಾಯಿಲೆಯಲ್ಲಿದ್ದ 95 ವರ್ಷದ ಹ್ಯಾಕ್‌ಮನ್ ಅದೇ ಮನೆಯಲ್ಲಿ ಸುಮಾರು ಒಂದು ವಾರ ಒಬ್ಬರೇ ಇದ್ದು ಆಮೇಲೆ ಪ್ರಾಣ ಬಿಟ್ಟರು. ಅದು ಹೊರಗಿನವರಿಗೆ ಗೊತ್ತಾಗಲು ಮತ್ತೆ ಹಲವು ದಿನ ಬೇಕಾಯಿತು. ಎರಡು ಆಸ್ಕರ್ ಗೆದ್ದ ಮನುಷ್ಯ. ಬಾಗಿಲು ತಟ್ಟಿ ‘ಹೇಗಿದ್ದೀರಿ’ ಎಂದು ಕೇಳುವವರು ದಿನಕ್ಕೊಬ್ಬರಿದ್ದಿದ್ದರೆ ಎಂದು ಆ ಸುದ್ದಿ ಓದಿದ ದಿನದಿಂದ ನಾನು ಯೋಚಿಸುತ್ತಲೇ ಇದ್ದೇನೆ.

ವ್ಯಾನ್ ಡೈಕ್ ಅವರಿಗೂ ಅಂಥದೇ ಒಂದು ಗಳಿಗೆ ಬಂದಿತ್ತು. 2024ರ ಡಿಸೆಂಬರ್‌ನಲ್ಲಿ ಮಾಲಿಬು ಗುಡ್ಡಗಳಿಗೆ ಬೆಂಕಿ ಬಿದ್ದಾಗ ಕಾರಿನ ತನಕ ತೆವಳಿಕೊಂಡು ಹೋಗಲು ನೋಡಿ ಸುಸ್ತಾಗಿ ಬಿದ್ದಿದ್ದರಂತೆ. ನೆರೆಮನೆಯ ಮೂವರು ಬಂದು ಎತ್ತಿಕೊಂಡು ಹೊರಗೆ ತಂದರು ಎಂದು ಅವರೇ ಆಮೇಲೆ ಟಿವಿಯಲ್ಲಿ ಹೇಳಿದರು. ಬಾಬೊ ಎಂಬ ಬೆಕ್ಕು ಮಾತ್ರ ತಪ್ಪಿಸಿಕೊಂಡಿತ್ತು, ಅದೂ ಮರುದಿನ ಸಿಕ್ಕಿತು. ಹಾಲಿವುಡ್ ತಾರೆಯರೆಂದರೆ ಎತ್ತರದ ಗೋಡೆಯ ಹಿಂದೆ ಒಂಟಿಯಾಗಿರುವವರು ಎಂದು ನಾವು ಅಂದುಕೊಳ್ಳುತ್ತೇವೆ. ನೂರರ ಹತ್ತಿರ ಚೆನ್ನಾಗಿ ಬದುಕಿದವರನ್ನು ನೋಡಿದರೆ ಆ ಗೋಡೆ ದಾಟಿ ಒಳಗೆ ಬರುವ ಜನ ಅವರಿಗೆ ಇದ್ದೇ ಇದ್ದರು.

ಮೆಲ್ ಬ್ರೂಕ್ಸ್ ಮತ್ತು ಕಾರ್ಲ್ ರೈನರ್ ಅವರ ಸ್ನೇಹ ನನಗೆ ಎಲ್ಲಕ್ಕಿಂತ ಇಷ್ಟ. ಇಬ್ಬರೂ ನ್ಯೂಯಾರ್ಕ್‌ನ ಯಹೂದಿ ಮನೆತನದವರು. 1950ರ ದಶಕದ ಶುರುವಿನಲ್ಲಿ ಟಿವಿಗೆ ಹಾಸ್ಯ ಬರೆಯುವ ಕೋಣೆಯಲ್ಲಿ ಜೊತೆಯಾದವರು. ಬ್ರೂಕ್ಸ್ ಹೆಂಡತಿ, ನಟಿ ಆ್ಯನ್ ಬ್ಯಾಂಕ್ರಾಫ್ಟ್ 2005ರಲ್ಲಿ ಹೋದರು, ರೈನರ್ ಹೆಂಡತಿ 2008ರಲ್ಲಿ. ಆ ಬಳಿಕ ಹೆಚ್ಚುಕಡಿಮೆ ಪ್ರತಿ ಸಂಜೆ ಬ್ರೂಕ್ಸ್ ಕಾರು ಹತ್ತಿ ಬೆವರ್ಲಿ ಹಿಲ್ಸ್‌ನ ರೈನರ್ ಮನೆಗೆ ಬರುತ್ತಿದ್ದರು. ಟಿವಿ ಮುಂದೆ ಎರಡು ಕುರ್ಚಿ, ಎದುರಿಗೆ ಮಡಚುವ ಪುಟ್ಟ ಮೇಜು, ಅದರ ಮೇಲೆ ಊಟ, ‘ಜೆಪರ್ಡಿ’ ರಸಪ್ರಶ್ನೆ, ಅದು ಮುಗಿದ ಮೇಲೆ ಒಂದು ಹಳೆಯ ಸಿನಿಮಾ. ಎಪ್ಪತ್ತು ವರ್ಷದ ಗೆಳೆತನದಲ್ಲಿ ಹೇಳಲು ಹೊಸದೇನು ಉಳಿದಿರುತ್ತದೆ? ಆದರೂ ಬರುತ್ತಿದ್ದರು. 2020ರ ಜೂನ್‌ನಲ್ಲಿ 98ರ ರೈನರ್ ತೀರಿಕೊಂಡ ಮೇಲೂ ಬ್ರೂಕ್ಸ್ ಕೆಲವು ಕಾಲ ಆ ಮನೆಗೆ ಹೋಗಿ ಕೂರುತ್ತಿದ್ದರು ಎಂದು ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಗೆಳೆಯ ಸಿಗುವುದು ಅದೃಷ್ಟ, ಅದನ್ನು ಯಾವ ಸಂಸ್ಥೆಯೂ ಕೊಡಲಾರದು ಎನ್ನಬಹುದು. ಆದರೆ ಒಂದೇ ವೃತ್ತಿಯ ಮುದುಕರು ಒಂದೆಡೆ ಸೇರುವ ಜಾಗವನ್ನಂತೂ ಕಟ್ಟಬಹುದು. ಇಲ್ಲಿನವರು ಕಟ್ಟಿದ್ದಾರೆ. ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ, ಕ್ಯಾಲಬಾಸಸ್‌ನ ನಮ್ಮ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವ ಫ್ರೀವೇ ಪಕ್ಕದಲ್ಲೇ ಅದು ಇದೆ: ‘ಮೋಷನ್ ಪಿಕ್ಚರ್ ಆ್ಯಂಡ್ ಟೆಲಿವಿಷನ್ ಫಂಡ್’ ಸಂಸ್ಥೆ ನಡೆಸುವ, ಚಿತ್ರರಂಗದ ಹಿರಿಯರ ಮನೆ. ಶನಿವಾರ ದೇವಸ್ಥಾನಕ್ಕೆ ಹೋಗುವ ಎಷ್ಟೋ ಕನ್ನಡಿಗರು ಅದರ ಹತ್ತಿರವೇ ಹಾದುಹೋಗುತ್ತಾರೆ, ಒಳಗೇನಿದೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ.

ಅದರ ಬೇರು 1921ರಲ್ಲಿದೆ. ಮೂಕಿ ಚಿತ್ರಗಳ ಕಾಲ. ಮೇರಿ ಪಿಕ್‌ಫೋರ್ಡ್, ಚಾರ್ಲಿ ಚಾಪ್ಲಿನ್, ಡಗ್ಲಸ್ ಫೇರ್‌ಬ್ಯಾಂಕ್ಸ್, ಡಿ. ಡಬ್ಲ್ಯು. ಗ್ರಿಫಿತ್ ಮೊದಲಾದವರು ಸೇರಿ ಕಷ್ಟದಲ್ಲಿರುವ ಚಿತ್ರರಂಗದವರಿಗಾಗಿ ಪರಿಹಾರ ನಿಧಿ ಶುರುಮಾಡಿದರು. ಆಗ ಅವರೆಲ್ಲ ಕೀರ್ತಿಯ ತುತ್ತತುದಿಯಲ್ಲಿದ್ದವರು. ಹೆಚ್ಚಿನವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಮೊದಮೊದಲು ಸ್ಟುಡಿಯೋಗಳಲ್ಲಿ ಡಬ್ಬಿ ಇಟ್ಟು ಚಿಲ್ಲರೆ ಕೂಡಿಸುತ್ತಿದ್ದರಂತೆ. ಡಬ್ಬಿಯಿಂದ ಸಂಸಾರ ನಡೆಯುವುದಿಲ್ಲ ಎಂಬುದು ಮಹಾ ಆರ್ಥಿಕ ಕುಸಿತದ ಹೊತ್ತಿಗೆ ಅರ್ಥವಾಯಿತು. 1932ರಲ್ಲಿ ಪಿಕ್‌ಫೋರ್ಡ್ ಮುಂದೆ ನಿಂತು ಹೊಸ ಪದ್ಧತಿ ತಂದರು: ವಾರಕ್ಕೆ 200 ಡಾಲರ್‌ಗಿಂತ ಹೆಚ್ಚು ಸಂಬಳ ಪಡೆಯುವವರು ಅದರಲ್ಲಿ ಅರ್ಧ ಪರ್ಸೆಂಟ್ ನಿಧಿಗೆ ಬಿಟ್ಟುಕೊಡುವುದು. ಒಪ್ಪಿ ಸಹಿ ಹಾಕಿದರೆ ಸಾಕು, ಸಂಬಳ ಕೈಗೆ ಬರುವ ಮೊದಲೇ ಆ ಪಾಲು ಮುರಿದುಹೋಗುತ್ತಿತ್ತು. 1939ರಿಂದ ತಾರೆಯರು ರೇಡಿಯೋ ಕಾರ್ಯಕ್ರಮವೊಂದರಲ್ಲಿ ಅಭಿನಯಿಸಿ ಆ ಸಂಭಾವನೆಯನ್ನೂ ಈ ನಿಧಿಗೇ ಕೊಟ್ಟರು. 1942ರಲ್ಲಿ ಹಣ್ಣಿನ ತೋಟಗಳ ನಡುವೆ ಕಾಟೇಜುಗಳು ಎದ್ದವು, 1948ರಲ್ಲಿ ಆಸ್ಪತ್ರೆ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಇದು ತಾರೆಯರಿಗೆ ಮಾತ್ರ ಮೀಸಲಾದ ಮನೆಯಲ್ಲ. ಲೈಟು ಎತ್ತಿದವರು, ಕೂದಲು ಬಾಚಿದವರು, ಫಿಲ್ಮ್ ಕತ್ತರಿಸಿ ಅಂಟಿಸಿದವರು, ಕುದುರೆಯಿಂದ ಬಿದ್ದು ಬೆನ್ನು ಮುರಿದುಕೊಂಡ ಸ್ಟಂಟ್‌ನವರು, ಎಲ್ಲರಿಗೂ ಅದೇ ತೋಟ, ಅದೇ ಊಟದ ಮನೆ. ತ್ರೀ ಸ್ಟೂಜಸ್ ಎಂಬ ಹಾಸ್ಯ ತಂಡದ ಲ್ಯಾರಿ ಫೈನ್ ಪಾರ್ಶ್ವವಾಯು ಹೊಡೆದ ಮೇಲೆ ಕೊನೆಯ ವರ್ಷಗಳನ್ನು ಇಲ್ಲಿ ಕಳೆದರು. ನಟಿ ಮೇರಿ ಆ್ಯಸ್ಟರ್ ಹತ್ತು ವರ್ಷಕ್ಕೂ ಹೆಚ್ಚು ಇಲ್ಲಿದ್ದರು. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡ್ಯಾನಿಯಲ್ 1952ರಲ್ಲಿ ಕೊನೆಯುಸಿರೆಳೆದದ್ದು ಇಲ್ಲೇ. ಆಕೆಗೆ ಹಾಲಿವುಡ್‌ನ ಸ್ಮಶಾನದಲ್ಲಿ ಮಣ್ಣಾಗುವ ಆಸೆ ಇತ್ತು, ಬಣ್ಣ ನೋಡಿ ಅದನ್ನು ನಿರಾಕರಿಸಿದರು. ಬದುಕಿದ್ದಾಗ ಹಾಸಿಗೆ ಕೊಟ್ಟ ಊರು ಸತ್ತ ಮೇಲೆ ಆರಡಿ ಜಾಗ ಕೊಡಲಿಲ್ಲ. ಈ ಊರನ್ನು ಹೊಗಳುವಾಗ ಅದನ್ನು ಬಿಟ್ಟು ಹೊಗಳುವುದು ಸರಿಯಲ್ಲ.

ನಮ್ಮ ಬೀದಿಯಲ್ಲೇ ಇದ್ದ ಹಿರಿಯರೊಬ್ಬರು ಈಗ ಅಲ್ಲಿದ್ದಾರೆ. ದಶಕಗಳ ಕಾಲ ಸ್ಟುಡಿಯೋಗಳ ಉಡುಪು ವಿಭಾಗದಲ್ಲಿ ಹೊಲಿಗೆ ಕೆಲಸ ಮಾಡಿದವರು. ಅವರ ಹೆಸರು ಯಾವ ಪರದೆಯ ಮೇಲೂ ದೊಡ್ಡದಾಗಿ ಬಂದಿಲ್ಲ. ನಾನೂ ನನ್ನ ಹೆಂಡತಿಯೂ ಆಗಾಗ ನೋಡಿಕೊಂಡು ಬರುತ್ತೇವೆ. ಒಮ್ಮೆ ಇವಳು ಊರಲ್ಲಿ ಹೊಲಿಸಿದ ರೇಷ್ಮೆ ರವಿಕೆಯೊಂದನ್ನು ತೋರಿಸಲು ಒಯ್ದಿದ್ದಳು. ಅವರು ಜರಿಯನ್ನು ನೋಡಲೇ ಇಲ್ಲ. ರವಿಕೆಯನ್ನು ತಿರುವಿ ಹಾಕಿ, ಪಕ್ಕದ ಹೊಲಿಗೆಯ ಗುಂಟ ಹೆಬ್ಬೆರಳು ಸವರಿದರು. ಒಳಗೆ ಎರಡು ಬೆರಳಗಲ ಬಟ್ಟೆ ಬಿಟ್ಟಿರುವುದನ್ನು ಕಂಡು ಮುಖ ಅರಳಿತು. ಮೈ ದಪ್ಪವಾದರೆ ಬಿಚ್ಚಿ ಅಗಲ ಮಾಡಿಕೊಳ್ಳಲು ನಮ್ಮ ದರ್ಜಿಗಳು ಬಿಡುವ ಬಟ್ಟೆ ಅದು. ಸಿನಿಮಾ ಉಡುಪಿಗೂ ಹೀಗೇ ಬಿಡುತ್ತಿದ್ದೆವು, ಈ ಚಿತ್ರದ ನಾಯಕಿಯ ಗೌನು ಮುಂದಿನ ಚಿತ್ರದಲ್ಲಿ ಇನ್ನೊಬ್ಬಳ ಮೈಗೆ ಕೂರಬೇಕಲ್ಲ ಎಂದು ಹೇಳುತ್ತಾ ಹೋದರು. ಪಕ್ಕದ ಮೇಜಿನಲ್ಲಿದ್ದ ಒಬ್ಬರು, ಹಿಂದೆ ಕ್ಯಾಮೆರಾ ವಿಭಾಗದಲ್ಲಿದ್ದವರಂತೆ, ಹೊಳೆಯುವ ರೇಷ್ಮೆ ಲೈಟಿಗೆ ಕೊಡುತ್ತಿದ್ದ ಕಾಟದ ಬಗ್ಗೆ ಮಾತು ಸೇರಿಸಿದರು. ಆ ಮಧ್ಯಾಹ್ನ ಅಲ್ಲಿ ಯಾರೂ ರೋಗಿಗಳಾಗಿರಲಿಲ್ಲ, ಎಲ್ಲರೂ ಕೆಲಸ ಬಲ್ಲವರಾಗಿದ್ದರು.

ಅಲ್ಲಿ ನಿವಾಸಿಗಳದೇ ಒಂದು ಟಿವಿ ವಾಹಿನಿ ಇದೆ, ಚಾನೆಲ್ 22 ಎಂದು. ತಾವೇ ಬರೆದು, ನಟಿಸಿ, ಚಿತ್ರೀಕರಿಸಿ ಆ ಆವರಣದೊಳಗೆ ಪ್ರಸಾರ ಮಾಡುತ್ತಾರೆ. ತೊಂಬತ್ತರ ಮುದುಕರಿಗೆ ಸಮಯಕ್ಕೆ ಸರಿಯಾಗಿ ಮಾತ್ರೆ ನುಂಗಿಸುವ ಮನೆಗಳು ಜಗತ್ತಿನಲ್ಲಿ ಸಾಕಷ್ಟಿವೆ. ನಾಳೆ ನಿಮ್ಮ ಶೂಟಿಂಗ್ ಇದೆ, ಸಾಲು ಬಾಯಿಪಾಠ ಮಾಡಿಕೊಳ್ಳಿ ಎಂದು ಹೇಳುವ ಮನೆ ಎಷ್ಟಿವೆ?

ಎಲ್ಲ ಸುಸೂತ್ರವಾಗಿ ನಡೆದಿದೆ ಎಂದಲ್ಲ. ನಷ್ಟ ತಡೆಯಲಾಗುತ್ತಿಲ್ಲ ಎಂದು 2009ರಲ್ಲಿ ಸಂಸ್ಥೆಯು ದೀರ್ಘಕಾಲದ ಆರೈಕೆಯ ವಿಭಾಗವನ್ನೂ ಆಸ್ಪತ್ರೆಯನ್ನೂ ಮುಚ್ಚುವುದಾಗಿ ಪ್ರಕಟಿಸಿತು. ನಿವಾಸಿಗಳ ಮನೆಯವರು ಬೀದಿಗಿಳಿದರು, ನಟರು ದನಿಗೂಡಿಸಿದರು, ವರ್ಷಗಟ್ಟಲೆ ಜಗ್ಗಾಟ ನಡೆದು ಕೊನೆಗೆ ಆರೈಕೆ ವಿಭಾಗ ಉಳಿಯಿತು. ಮುಂದೆ ಕರ್ಕ್ ಡಗ್ಲಸ್ ತಮ್ಮ 99ನೇ ಹುಟ್ಟುಹಬ್ಬಕ್ಕೆ ಮರೆವಿನ ಕಾಯಿಲೆಯವರ ಆರೈಕೆಗೆಂದು ಇಲ್ಲಿಗೇ ಒಂದೂವರೆ ಕೋಟಿ ಡಾಲರ್ ಕೊಟ್ಟರು. ಚಿಂದಿ ಆಯುತ್ತಿದ್ದ ವಲಸಿಗನ ಮಗ ಅವರು.

ಪಿಂಚಣಿಯ ವಿಷಯವೂ ಅಷ್ಟೇ, ಯಾರೂ ಕರೆದು ಕೊಟ್ಟದ್ದಲ್ಲ. 1960ರಲ್ಲಿ ನಟರ ಸಂಘ ಸುಮಾರು ಆರು ವಾರ ಮುಷ್ಕರ ಹೂಡಿತು. ಆಗ ಸಂಘದ ಅಧ್ಯಕ್ಷ ರೊನಾಲ್ಡ್ ರೇಗನ್. ಚಿತ್ರ ಟಿವಿಯಲ್ಲಿ ಮರುಪ್ರಸಾರವಾದರೆ ನಟರಿಗೂ ಪಾಲು ಎಂಬುದು ಅಲ್ಲಿಂದ ಗಟ್ಟಿಯಾಯಿತು. ಹಳೆಯ ಚಿತ್ರಗಳ ಪಾಲಿನ ಬದಲಿಗೆ ಸ್ಟುಡಿಯೋಗಳು ಒಂದೇ ಕಂತಿನಲ್ಲಿ ಕೊಟ್ಟ ಇಪ್ಪತ್ತು ಲಕ್ಷ ಡಾಲರ್‌ಗೂ ಮೀರಿದ ಮೊತ್ತದಿಂದ ಪಿಂಚಣಿ, ಆರೋಗ್ಯ ವಿಮೆ ಶುರುವಾದವು. ತಮ್ಮ ಹಳೆಯ ಚಿತ್ರಗಳೆಲ್ಲ ಕೈಬಿಟ್ಟುಹೋದವೆಂದು ರೂನಿಯಂಥವರು ಕೊನೆತನಕ ನೊಂದುಕೊಂಡರು, ಅವರ ನೋವು ನ್ಯಾಯವಾದದ್ದೇ. ಆದರೂ ಹೆಸರಿಲ್ಲದ ಸಾವಿರಾರು ಪೋಷಕ ನಟರಿಗೆ ಮುಪ್ಪಿನಲ್ಲಿ ತಿಂಗಳಿಗೊಂದು ಚೆಕ್ಕು ಬರತೊಡಗಿತು.

ಇನ್ನು ನಮ್ಮ ಕಡೆ ನೋಡೋಣ.

ನಾನು ಗದಗ ಸೀಮೆಯವನು. ನಮ್ಮ ಸೋದರಮಾವ ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರರಾಗಿದ್ದರು, ಅಂದರೆ ಹಾರ್ಮೋನಿಯಂ ನುಡಿಸುತ್ತಿದ್ದರು. ಊರೂರು ಕ್ಯಾಂಪು ಸುತ್ತಿ, ಕಂಪನಿ ನಿಂತ ಮೇಲೆ ಮನೆಗೆ ಬಂದು ಕೂತರು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕಿದಾಗ ಕಲಾವಿದರೆಂಬುದಕ್ಕೆ ದಾಖಲೆ ಕೇಳಿದರು. ಹ್ಯಾಂಡ್‌ಬಿಲ್ಲುಗಳಲ್ಲಿ ನಾಯಕಿಯ ಹೆಸರಿತ್ತು, ಮಾಲೀಕರ ಹೆಸರಿತ್ತು, ಪೇಟಿಯವರ ಹೆಸರು ಯಾರು ಅಚ್ಚು ಹಾಕಿಸುತ್ತಾರೆ? ಮಾವ ಒಂದು ಪತ್ರಿಕೆಯ ತುಣುಕು ಹಿಡಿದು ಕಚೇರಿಯ ಬೆಂಚಿನ ಮೇಲೆ ಕೂತಿದ್ದ ದಿನ ನಾನು ರಜೆಗೆ ಹೋಗಿ ಜೊತೆಗಿದ್ದೆ. ‘ತಮ್ಮಾ, ಇವರಿಗೆ ಒಂದು ಪದಾ ಹಾಡಿ ತೋರಸ್ಲೇನು?’ ಅಂದರು. ಅವರು ಅದನ್ನು ಹೇಳಿದ್ದು ನಿಜವಾಗಿಯೇ, ತಮ್ಮಲ್ಲಿದ್ದ ದಾಖಲೆ ಅದೊಂದೇ ಎಂದು.

ಹಾಗೆಂದು ನಮ್ಮ ರೀತಿಯಲ್ಲಿ ಏನೂ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಮಾವ ಕೊನೆಯ ದಿನದವರೆಗೆ ಮನೆಯವರ ನಡುವೆಯೇ ಇದ್ದರು, ಮೊಮ್ಮಕ್ಕಳ ಕಾಲು ತೊಡರಿಸಿಕೊಳ್ಳುತ್ತಾ. ಲೀಲಾವತಿಯವರನ್ನು ನೆನೆಯಿರಿ. ಬೆಂಗಳೂರಿನ ಗದ್ದಲ ಬಿಟ್ಟು ನೆಲಮಂಗಲದ ಸೋಲದೇವನಹಳ್ಳಿಯಲ್ಲಿ ಮಗ ವಿನೋದ್ ರಾಜ್ ಜೊತೆ ತೋಟ ಮಾಡಿಕೊಂಡಿದ್ದರು. ಊರವರಿಗೆ ಆಸ್ಪತ್ರೆ ಕಟ್ಟಿಸಿದರು. ಅವರು ಮುಂದೆ ನಿಂತು ಕಟ್ಟಿಸಿದ ಪಶು ಆಸ್ಪತ್ರೆ ಉದ್ಘಾಟನೆಯಾದದ್ದು 2023ರ ಡಿಸೆಂಬರ್‌ನಲ್ಲಿ ಅವರು ತೀರಿಕೊಳ್ಳುವ ಕೆಲವೇ ದಿನ ಮೊದಲು. ಬೆವರ್ಲಿ ಹಿಲ್ಸ್‌ನ ಯಾವ ಬಂಗಲೆಯಲ್ಲೂ ಅಂಥ ತಾಯಿ-ಮಗನ ಬಾಳ್ವೆ ಸುಲಭಕ್ಕೆ ಸಿಗದು. ವುಡ್‌ಲ್ಯಾಂಡ್ ಹಿಲ್ಸ್‌ನ ನಮ್ಮ ಹೊಲಿಗೆಯ ಹಿರಿಯರ ಮಗ ಬೇರೆ ರಾಜ್ಯದಲ್ಲಿದ್ದಾನೆ, ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತಾನೆ. ಆ ವಾರದ ಬಗ್ಗೆ ಅವರು ಬೇಸಿಗೆಯಿಂದಲೇ ಮಾತಾಡಲು ಶುರುಮಾಡುತ್ತಾರೆ.

ಆದರೆ ಮನೆಯವರು ಇಲ್ಲದವರ ಪಾಡೇನು? ಮದುವೆಯಾಗದೆ ಕಂಪನಿಯಲ್ಲೇ ಹಣ್ಣಾದ ಹೆಂಗಸರು, ಜೂನಿಯರ್ ಕಲಾವಿದರು, ಲೈಟ್‌ಬಾಯ್‌ಗಳು? ನಮ್ಮಲ್ಲಿ ಅವರ ಕಷ್ಟ ಗೊತ್ತಾಗುವುದು ಟಿವಿಯವರು ಮೈಕು ಹಿಡಿದು ಹಾಸಿಗೆಯ ಹತ್ತಿರ ಹೋದಾಗ. ಆಮೇಲೆ ಯಾರೋ ದೊಡ್ಡ ನಟ ಸಹಾಯ ಮಾಡುತ್ತಾರೆ, ಅದು ಸುದ್ದಿಯಾಗುತ್ತದೆ. ಆ ನಟನ ಒಳ್ಳೆಯತನದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಅಷ್ಟು ಹೊತ್ತಿಗೆ ಆ ಮುದುಕಿ ಊರಿಗೆಲ್ಲ ಕಾಣುವಂತೆ ಕೈ ಚಾಚಿ ಆಗಿರುತ್ತದೆ.

2024ರಲ್ಲಿ ಕರ್ನಾಟಕದ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕಾಗಿ ಕಾನೂನೊಂದನ್ನು ಅಂಗೀಕರಿಸಿದೆ. ಸಿನಿಮಾ ಟಿಕೆಟ್ ಮೇಲೆ, ಚಂದಾ ಶುಲ್ಕದ ಮೇಲೆ ಒಂದರಿಂದ ಎರಡು ಪರ್ಸೆಂಟ್ ಸೆಸ್ ಹಾಕಿ ಆ ಹಣವನ್ನು ಕಲಾವಿದರ, ಕಾರ್ಮಿಕರ ನಿಧಿಗೆ ಸೇರಿಸುವ ಯೋಚನೆ. ನನಗೆ ಇದು ತುಂಬ ಸಂತೋಷ ತಂದಿದೆ, ಬಹಳ ಹಿಂದೆಯೇ ಆಗಬೇಕಿತ್ತು. ಆದರೆ ಗಮನಿಸಿ: ಇಲ್ಲಿ ದುಡ್ಡು ಹೋಗುವುದು ನೋಡುಗನ ಜೇಬಿನಿಂದ. 1932ರಲ್ಲಿ ಪಿಕ್‌ಫೋರ್ಡ್ ಕೈ ಹಾಕಿದ್ದು ತಮ್ಮವರದೇ ಸಂಬಳಕ್ಕೆ. ಇವತ್ತು ಒಂದು ಚಿತ್ರಕ್ಕೆ ಕೋಟಿಗಳಲ್ಲಿ ಸಂಭಾವನೆ ಪಡೆಯುವ ನಮ್ಮ ನಾಯಕರು, ನಿರ್ದೇಶಕರು ಕರಾರಿನಲ್ಲೇ ಅರ್ಧ ಪರ್ಸೆಂಟ್ ಬರೆಸಿದರೆ ಎಷ್ಟು ಸಲೀಸು. ಕೋಟಿಗೆ ಐವತ್ತು ಸಾವಿರ. ಕಾನೂನು ಬೇಕಿಲ್ಲ, ಹೇಳಿಕೆ ಬೇಕಿಲ್ಲ, ಯಾರ ಹಾಸಿಗೆಯ ಹತ್ತಿರವೂ ಕ್ಯಾಮೆರಾ ಹೋಗಬೇಕಿಲ್ಲ. ಲೈಟ್‌ಬಾಯ್ ಹಕ್ಕಿನಿಂದ ಪಡೆಯುತ್ತಾನೆ, ಉಪಕಾರದಿಂದಲ್ಲ.

ದುಡ್ಡಿಗಿಂತ ಸುಲಭವಾದ ಇನ್ನೊಂದು ಕೆಲಸವಿದೆ, ಅದು ನಾವು ಹೊರನಾಡಿನವರೂ ಮಾಡಬಹುದಾದದ್ದು. ಟರ್ನರ್ ಕ್ಲಾಸಿಕ್ ಮೂವೀಸ್ ವಾಹಿನಿ 2010ರಲ್ಲಿ ಹಾಲಿವುಡ್‌ನಲ್ಲಿ ಹಳೆಯ ಚಿತ್ರಗಳ ಉತ್ಸವ ಶುರುಮಾಡಿತು. ಅಲ್ಲಿಗೆ ಹಿರಿಯ ಕಲಾವಿದರನ್ನು ಕರೆಸಿ ಕುರ್ಚಿ ಹಾಕಿ ಕೂರಿಸುತ್ತಾರೆ, ಆ ಚಿತ್ರವನ್ನು ಅರೆದು ಕುಡಿದವರೊಬ್ಬರು ಎದುರು ಕೂತು ಪ್ರಶ್ನೆ ಕೇಳುತ್ತಾರೆ. ಇವಾ ಮರಿ ಸೇಂಟ್ ಅವರು 1954ರ ‘ಆನ್ ದ ವಾಟರ್‌ಫ್ರಂಟ್’ ಚಿತ್ರದ ಕೈಗವಸಿನ ಪ್ರಸಂಗವನ್ನು ಅದೆಷ್ಟು ಸಲ ಹೇಳಿದ್ದಾರೋ. ತಾಲೀಮಿನಲ್ಲಿ ಅಕಸ್ಮಾತ್ತಾಗಿ ಅವರ ಕೈಗವಸು ಕೆಳಗೆ ಬಿತ್ತು. ಮಾರ್ಲನ್ ಬ್ರಾಂಡೊ ಅದನ್ನು ಎತ್ತಿಕೊಂಡು ವಾಪಸು ಕೊಡದೆ ತನ್ನ ಕೈಗೆ ತೊಟ್ಟುಕೊಂಡು ಮಾತು ಮುಂದುವರಿಸಿದ. ಅದು ಚಿತ್ರದಲ್ಲಿ ಹಾಗೆಯೇ ಉಳಿಯಿತು. ಆ ಚಿತ್ರಕ್ಕೆ ಅವರಿಗೆ ಆಸ್ಕರ್ ಬಂತು. 93ರ ವಯಸ್ಸಿನಲ್ಲಿ, 2018ರಲ್ಲಿ, ಅದೇ ಪ್ರಶಸ್ತಿ ಸಮಾರಂಭದ ವೇದಿಕೆಗೆ ಬಂದಾಗ ಸಭೆಯೇ ಎದ್ದು ನಿಂತಿತು. ನಟನೆ ಕಲಿಯುವ ಒಬ್ಬ ಹುಡುಗನಿಗೆ ಆ ಕೈಗವಸಿನ ಮಾತು ಒಂದು ವರ್ಷದ ಪಾಠ.

ನಮ್ಮಲ್ಲೋ? ಹಿರಿಯ ಕಲಾವಿದರು ಬಂದರೆ ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ, ನೆನಪಿನ ಕಾಣಿಕೆ. ಫೋಟೋ. ಆಮೇಲೆ ಪ್ರಾಯೋಜಕರ ಮಾತು, ಅತಿಥಿಗಳ ಮಾತು, ಕೊನೆಗೆ ಕಲಾವಿದರಿಗೆ ‘ಎರಡೇ ನಿಮಿಷ’. ಊರಲ್ಲೂ ಇದೇ, ಇಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಇದೇ. ಏಣಗಿ ಬಾಳಪ್ಪನವರು ನೂರು ದಾಟಿ, 2017ರಲ್ಲಿ ತೀರಿಕೊಂಡರು. ಬಸವಣ್ಣನ ಪಾತ್ರವನ್ನು ಉತ್ತರ ಕರ್ನಾಟಕದ ಊರೂರಿಗೆ ಒಯ್ದವರು, ಇಳಿವಯಸ್ಸಿನಲ್ಲೂ ರಂಗಗೀತೆ ಹಾಡುತ್ತಿದ್ದವರು. ಅವರಿಗೆ ಹೊದಿಸಿದ ಶಾಲುಗಳು ಎಷ್ಟಿರಬೇಕು! ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೆ ದನಿ ಮುಟ್ಟಿಸುವುದು ಹೇಗೆ, ಹಾಡಿನ ನಡುವೆ ಉಸಿರು ಎಲ್ಲಿ ಕದಿಯಬೇಕು ಎಂದು ಅವರನ್ನು ಕೂರಿಸಿ ಗಂಟೆಗಟ್ಟಲೆ ಕೇಳಿದ ಸಭೆಗಳು ಅದರಲ್ಲಿ ಎಷ್ಟು?

ಶಾಲು ಬೇಡವೆಂದು ನಾನು ಹೇಳುತ್ತಿಲ್ಲ. ಅದು ನಮ್ಮ ಮರ್ಯಾದೆ, ಇರಲಿ. ಮುಂದಿನ ರಾಜ್ಯೋತ್ಸವಕ್ಕೆ ಊರಿನಿಂದ ವೃತ್ತಿ ರಂಗಭೂಮಿಯ ಹಿರಿಯರೊಬ್ಬರನ್ನು ಕರೆಸುವ ಮಾತು ನಮ್ಮ ಕನ್ನಡ ಬಳಗದಲ್ಲಿ ನಡೆದಿದೆ. ಸಭೆಯಲ್ಲಿ ನಾನು ಕೇಳಿದ್ದು ಒಂದೇ: ಮಧ್ಯಾಹ್ನದ ಊಟಕ್ಕೆ ಮೊದಲು ಪೂರ್ತಿ ಒಂದು ಗಂಟೆ ಅವರಿಗೆ, ಪಕ್ಕದಲ್ಲಿ ಒಂದು ಪೇಟಿ, ಪ್ರಶ್ನೆ ಕೇಳಲು ಅವರ ನಾಟಕ ನೋಡಿ ಬೆಳೆದ ಹುಬ್ಬಳ್ಳಿಯ ಅಕ್ಕ ಒಬ್ಬರು, ಪೂರ್ತಿ ರೆಕಾರ್ಡಿಂಗ್. ಸ್ವಲ್ಪ ಚರ್ಚೆಯಾಯಿತು, ಮಕ್ಕಳ ನೃತ್ಯಗಳಲ್ಲಿ ಎರಡನ್ನು ಸಂಜೆಗೆ ಸರಿಸಬೇಕಾಗುತ್ತದೆ. ಸರಿಸೋಣ ಎಂದು ಒಪ್ಪಿದ್ದಾರೆ. ಅಕ್ಕ ಈಗಾಗಲೇ ಪ್ರಶ್ನೆ ಬರೆದುಕೊಳ್ಳುತ್ತಿದ್ದಾರೆ. ಪೇಟಿ ನನ್ನ ಮನೆಯಲ್ಲೇ ಇದೆ, ಎರಡು ಸ್ವರ ಕೂತಿವೆ, ಅದನ್ನು ರಿಪೇರಿ ಮಾಡಿಸಬೇಕು.